ನಡ ನೋವಿನ ನೆವ

ರಜೆ ಮುಗಿದು ಮತ್ತೆ ಕೆಲಸಕ್ಕೆ ಹೊರಟ ಸೋಮವಾರ, ಬೈಕು ಚಾಲೂ ಮಾಡುವ ಮೊದಲು ನನ್ನ ಗಂಡ ಒಮ್ಮೆ ತಿರುಗಿ ನೋಡಿದರು.

"ಯಾರರ ಕೇಳಿದ್ರ ನಡ ನೋವಿತ್ತು ಅನ್ನು. ಬೆನ್ನಿನ ಮಣಕಾ ಸರದಿತ್ತು, ಈಗ ಆರಾಮ ಐತಿ. ಅಷ್ಟ ಸಾಕು," ಎಂದರು.

ನಾನು ಹೂಂ ಎಂದೆ.

ನಾನು ಗಡಿಯಾಚೆಯ ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿ ಸರಕಾರಿ ನರ್ಸು. ದವಾಖಾನೆ ಎಂದರೆ ಎರಡು ಕೋಣೆಯ ಉಪಕೇಂದ್ರ. ಆ ಹಳ್ಳಿಯ ಜೊತೆಗೆ, ಹೊಲಗಳಲ್ಲಿಯೇ ಮನೆ ಕಟ್ಟಿಕೊಂಡವರ ಸುತ್ತಲಿನ ವಸ್ತಿಗಳೂ ನನಗೆ ಸೇರಿದವು. ಬಸುರಿಯರ ತಪಾಸಣೆ, ಬಾಣಂತಿಯರ ಮನೆಗೆ ಹೋಗಿ ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು, ಇವು ನನ್ನ ಕೆಲಸ. ಊರವರು ನನ್ನನ್ನು ಬಾಯಾರ ಎಂದು ಕರೆಯುತ್ತಾರೆ. ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎರಡರ ನಡುವೆ ಓಡಾಡಿಕೊಂಡೇ ಇದ್ದೇನೆ. ಅಲ್ಲಿಯ ಸಾಲೆಗೆ ಈಗ ಚೀಲ ಹಾಕಿಕೊಂಡು ಹೋಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಮೊದಲ ಸೂಜಿ ಚುಚ್ಚಿದವಳು ನಾನೇ.

ನನಗೆ ನಡ ನೋವು ಇರಲಿಲ್ಲ. ನನಗೆ ಬಂದದ್ದು ಖಿನ್ನತೆ. ಆ ಪದವನ್ನು ತರಬೇತಿಯಲ್ಲಿ ಓದಿದ್ದೆ. ಬಾಣಂತಿಯರಲ್ಲಿ ಅದನ್ನು ಹೇಗೆ ಗುರುತಿಸಬೇಕೆಂದು ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನ ಮೈಯಲ್ಲಿಯೇ ಬಂದು ಕುಳಿತಾಗ ಮಾತ್ರ ಗುರುತು ಹತ್ತಲಿಲ್ಲ.

ಕಾರಣ ಕೇಳಿದರೆ ಇವತ್ತಿಗೂ ಹೇಳಲಾರೆ. ಮನೆಯಲ್ಲಿ ಜಗಳವಿರಲಿಲ್ಲ, ಯಾರೂ ಸತ್ತಿರಲಿಲ್ಲ. ಗಂಡ ಜತ್ತದಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾರೆ, ಅದು ಚೆನ್ನಾಗಿಯೇ ನಡೆಯುತ್ತಿತ್ತು. ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಯಾವಾಗಲೋ ಊಟದ ರುಚಿ ಹೋಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಂದರೆ ಜೀವ ಬಿಡುತ್ತಿದ್ದವಳಿಗೆ ಅದು ಬಾಯಲ್ಲಿ ರಟ್ಟಿನಂತೆ ತಿರುಗುತ್ತಿತ್ತು. ನಸುಕಿನಲ್ಲಿಯೇ ಎಚ್ಚರವಾಗುತ್ತಿತ್ತು, ಆದರೆ ಏಳಲು ಆಗುತ್ತಿರಲಿಲ್ಲ. ಸ್ನಾನ ಮಾಡುವುದು ಬಾವಿ ತೋಡಿದಷ್ಟು ದೊಡ್ಡ ಕೆಲಸವಾಯಿತು. ಒಂದು ದಿನ ಗಂಡ ಮಧ್ಯಾಹ್ನದ ಊಟಕ್ಕೆಂದು ಬಂದಾಗ ನಾನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದೆ. ಬೆಳಿಗ್ಗೆ ಕೆಲಸಕ್ಕೆಂದು ಹೊರಟವಳು ಇನ್ನೊಂದು ಚಪ್ಪಲಿಗೆ ಕೈ ಚಾಚಲಾರದೆ ಅಲ್ಲಿಯೇ ಉಳಿದುಬಿಟ್ಟಿದ್ದೆ.

ಅವರು ಪಕ್ಕದಲ್ಲಿ ಕುಳಿತು, "ಏನಾತು?" ಎಂದರು.

"ಏನೂ ಇಲ್ಲ," ಎಂದೆ. ಅದು ಸುಳ್ಳಲ್ಲ. ನನ್ನೊಳಗೆ ಆಗ ನಿಜವಾಗಿಯೂ ಏನೂ ಇರಲಿಲ್ಲ.

ಆಮೇಲೂ ಕೆಲವು ದಿನ ಕೆಲಸಕ್ಕೆ ಹೋದೆ. ಕೊನೆಗೆ ನಿಂತದ್ದು ಅಂಗನವಾಡಿಯಲ್ಲಿ, ಲಸಿಕೆಯ ದಿನ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಗೋಡೆಗುಂಟ ಕುಳಿತಿದ್ದರು. ಒಂದು ಕೂಸಿಗೆಂದು ಸಿರಿಂಜಿನಲ್ಲಿ ಔಷಧಿ ಎಳೆದುಕೊಂಡೆ. ಎಳೆದುಕೊಂಡ ಮೇಲೆ, ಈ ಕೂಸಿಗೆ ಆಗಲೇ ಹಾಕಿದ್ದೇನೋ ಇಲ್ಲವೋ ಎಂಬ ಸಂಶಯ ಬಂತು. ನನ್ನ ಜೊತೆಗೆ ಒಬ್ಬ ಆಶಾ ಕಾರ್ಯಕರ್ತೆ ಕೆಲಸ ಮಾಡುತ್ತಾಳೆ. ಅದೇ ಊರಿನ ಸೊಸೆ, ನನಗಿಂತ ಹಿರಿಯಳು, ನಾನು ಅಕ್ಕಾ ಎನ್ನುತ್ತೇನೆ. ಅವಳನ್ನು ಕೇಳಿದೆ.

"ಇನ್ನೂ ಹಾಕಿಲ್ರಿ ಬಾಯಾರ. ಈಗಷ್ಟ ಬಂದಾರ ಅವರು," ಎಂದಳು.

ಕೂಸಿನ ತೊಡೆ ನೋಡಿದೆ. ಚುಚ್ಚಿದ ಗುರುತು ಇರಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ. ಸಿರಿಂಜನ್ನು ತಟ್ಟೆಯಲ್ಲಿಟ್ಟು, ಅಷ್ಟೂ ಹೆಂಗಸರ ಎದುರಿಗೆ ಅಳತೊಡಗಿದೆ. ಅಕ್ಕ ಎಲ್ಲರನ್ನೂ ಮನೆಗೆ ಕಳಿಸಿ ನನ್ನ ಗಂಡನಿಗೆ ಫೋನು ಮಾಡಿದಳು. ಉಳಿದ ಕೂಸುಗಳಿಗೆ ಮರುದಿನ ಪಕ್ಕದ ಉಪಕೇಂದ್ರದ ನರ್ಸು ಬಂದು ಲಸಿಕೆ ಹಾಕಿದಳಂತೆ.

ಗಂಡ ನನ್ನನ್ನು ಮಿರಜಿಗೆ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮರಾಠಿಯವರು, ಸಾವಧಾನದ ಮನುಷ್ಯ. ನಾನು ದಿನಾ ಮರಾಠಿಯಲ್ಲಿ ವರದಿ ಬರೆಯುವವಳು, ಮೀಟಿಂಗಿನಲ್ಲಿ ಮಾತಾಡುವವಳು. ನಿದ್ದೆ, ಊಟದ ಪ್ರಶ್ನೆಗಳಿಗೆಲ್ಲ ಮರಾಠಿಯಲ್ಲಿಯೇ ಉತ್ತರ ಕೊಟ್ಟೆ. ಸಾಯಬೇಕೆಂಬ ವಿಚಾರ ಬರುತ್ತದೆಯೇ ಎಂದು ಅವರು ಕೇಳಿದಾಗ ಮರಾಠಿ ಬಾಯಿಗೆ ಬರಲಿಲ್ಲ.

"ಸಾಯಬೇಕು ಅಂತ ಇಲ್ರಿ. ಇರೂದ ಬ್ಯಾಡಾಗೇತಿ," ಎಂದೆ.

ಡಾಕ್ಟರು ನನ್ನ ಗಂಡನ ಕಡೆ ನೋಡಿದರು. ಗಂಡ ನನ್ನ ಕಡೆ ನೋಡಿದರು. ಆಮೇಲೆ ನಾನು ಹೇಳಿದ ಮಾತನ್ನು ಒಂದೊಂದೇ ಶಬ್ದವಾಗಿ ಮರಾಠಿಗೆ ತಿರುಗಿಸಿ ಡಾಕ್ಟರಿಗೆ ಹೇಳಿದರು. ಆ ಮಾತನ್ನು ತಮ್ಮ ಬಾಯಿಂದ ಹೇಳಬೇಕಾಗಿ ಬಂದಾಗ ಅವರ ಧ್ವನಿ ಹೇಗಿತ್ತೆಂದು ಬರೆಯಲು ನನ್ನಿಂದ ಆಗುವುದಿಲ್ಲ. ಬಸ್ಸಿನಲ್ಲಿ ಮರಳಿ ಬರುವಾಗ ನನ್ನ ಚೀಲವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಜತ್ತ ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದರು.

ನಡ ನೋವು ಎಂದು ಮಂದಿಗೆ ಹೇಳುವುದು ಅವರದೇ ಯೋಚನೆ. ಅದರಲ್ಲಿ ನನಗೆ ಕೇಡು ಬಗೆಯುವ ಉದ್ದೇಶ ಏನೂ ಇರಲಿಲ್ಲ. "ಮಂದಿ ಹುಚ್ಚು ಅಂದುಬಿಡ್ತಾರ. ನಾಳಿ ಮಗಳಿಗೂ ಅದ ಮಾತು ಬರ್ತೈತಿ," ಎಂದರು. ನಾನೂ ಒಪ್ಪಿಕೊಂಡೆ. ನನಗೆ ಆಗ ಯಾವ ಮಾತಾದರೂ ಒಂದೇ ಆಗಿತ್ತು.

ರಜೆಯ ಹೆಚ್ಚಿನ ಕಾಲ ಮಾಡಗ್ಯಾಳದ ತವರಿನಲ್ಲಿ ಕಳೆದೆ. ಅಣ್ಣನಿಗೆ ಕುರಿಗಳಿವೆ, ಗಿಣಿ ಮೂಗಿನ ಎತ್ತರದ ಕುರಿಗಳು. ಅವ್ವ ನನಗೆ ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ. ಮೊದಮೊದಲು ಬಂದು ತಲೆ ಬಾಚುತ್ತಿದ್ದಳು. ಗುಳಿಗೆಗಳು ಹಿಡಿಯತೊಡಗಿದ ಮೇಲೆ, "ಬಾ, ಹೊರಗ ಕುಂದ್ರು. ಒಂದೀಟ ಶೇಂಗಾ ಒಡಿ," ಎಂದು ಮೊರ ಮುಂದಿಡುತ್ತಿದ್ದಳು. ಒಂದು ಹಿಡಿ ಒಡೆಯುವಷ್ಟರಲ್ಲಿ ದಣಿಯುತ್ತಿದ್ದೆ. ಅವಳು ಉಳಿದದ್ದನ್ನು ತಾನು ಒಡೆಯುತ್ತಿದ್ದಳು. ಒಂದು ಸಂಜೆ ಮೊರ ಖಾಲಿಯಾದದ್ದು ನನಗೆ ಗೊತ್ತೇ ಆಗಲಿಲ್ಲ. ಅವ್ವ ಇನ್ನೊಂದಿಷ್ಟು ತಂದು ಸುರಿದಳು. ಆ ರಾತ್ರಿ ಚಟ್ನಿಯ ಖಾರ ನಾಲಿಗೆಗೆ ಹತ್ತಿತು.

ಹೀಗೆ, ಪೂರ್ತಿ ಗುಣವಾಗದಿದ್ದರೂ ನಿಲ್ಲುವಷ್ಟು ಆದ ಮೇಲೆ, ಡಾಕ್ಟರ ಒಪ್ಪಿಗೆಯಿಂದ ಕೆಲಸಕ್ಕೆ ಮರಳಿದೆ. ಮೊದಲು ಆರೋಗ್ಯ ಕೇಂದ್ರದ ಡಾಕ್ಟರ್ ಮೇಡಮ್ಮರಿಗೆ ಮುಖ ತೋರಿಸಬೇಕಿತ್ತು. ಅವರಿಗೆ ನಿಜ ಗೊತ್ತಿತ್ತು. ಚಿಕ್ಕ ವಯಸ್ಸಿನವರು. ಒಬ್ಬಳೇ ದೂರದ ವಸ್ತಿಗಳಿಗೆ ಹೋಗಬೇಡ, ಆಶಾಳನ್ನು ಜೊತೆಗೆ ಕರೆದುಕೋ ಎಂದು ಮರಾಠಿಯಲ್ಲಿ ಹೇಳಿದರು. ನಾನು ಏಳುವಾಗ, "ಇನ್ನು ಮತ್ತೆ ಹಾಗೆ ಆಗುವುದಿಲ್ಲ ತಾನೆ?" ಎಂದು ಕೇಳಿದರು. ಇಲ್ಲ ಎಂದೆ. ಅಂಥ ಮಾತು ಯಾರು ಕೊಡಬಲ್ಲರು? ಆದರೆ ಆ ಕುರ್ಚಿಯ ಎದುರಿಗೆ ನಿಂತಾಗ ಬೇರೆ ಉತ್ತರ ಹೊಳೆಯಲಿಲ್ಲ.

ಊರಿನಲ್ಲಿ ಎಲ್ಲರೂ ನನ್ನ ನಡವನ್ನೇ ವಿಚಾರಿಸಿದರು. ಕಿರಾಣಿ ಅಂಗಡಿಯಾತ ಒಂದು ಎಣ್ಣೆಯ ಹೆಸರು ಹೇಳಿದ. ಒಬ್ಬ ಮುದುಕಿ ಹಾದಿಯಲ್ಲಿ ನಿಲ್ಲಿಸಿ, "ಉಸುಕು ಕಾಸಿ ಶಾಕಾ ಕೊಟ್ಕೋರಿ ಬಾಯಾರ," ಎಂದಳು. ಅಂಗನವಾಡಿಯಲ್ಲಿ ನಾನು ಲಸಿಕೆಯ ಡಬ್ಬಿ ಎತ್ತಲು ಹೋದರೆ ಇಬ್ಬರು ಎದ್ದು ಬಂದು ಕಸಿದುಕೊಂಡರು. ಬಗ್ಗಿ ಏಳುವಾಗ ನಡ ಹಿಡಿದುಕೊಳ್ಳುವುದನ್ನು ನಾನು ಮರೆಯುತ್ತಿದ್ದೆ. ನೆನಪಾದಾಗ ಗಡಿಬಿಡಿಯಿಂದ ಹಿಡಿದುಕೊಳ್ಳುತ್ತಿದ್ದೆ. ಅವರ ಕಕ್ಕುಲತೆ ನಿಜವಾದದ್ದು, ನನ್ನ ನೋವು ಮಾತ್ರ ಕಟ್ಟುಕಥೆ. ಆ ಸುಳ್ಳು ದಿನದಿನಕ್ಕೆ ಭಾರವಾಗುತ್ತ ಹೋಯಿತು.

ಮರಳಿದ ಮೇಲಿನ ಮೊದಲ ಲಸಿಕೆಯ ದಿನ ಬಂತು. ಅಕ್ಕನಿಗೆ ಮೊದಲೇ ಹೇಳಿಕೊಂಡಿದ್ದೆ, ಒಂದೊಂದು ಕೂಸಿಗೆ ಹಾಕಿದ ಕೂಡಲೆ ನೀ ಗಟ್ಟಿಯಾಗಿ ಆತು ಅನ್ನಬೇಕು ಎಂದು. ಅವಳು ಯಾಕೆಂದು ಕೇಳಲಿಲ್ಲ. ಪ್ರತಿ ಸಲ "ಆತ್ರಿ" ಎನ್ನುತ್ತಿದ್ದಳು, ನಾನು ಮುಂದಿನ ಕೂಸಿನ ಕಡೆ ತಿರುಗುತ್ತಿದ್ದೆ. ಹಿಂದೆ ನಾನು ಅತ್ತದ್ದನ್ನು ಕಂಡಿದ್ದ ಒಬ್ಬ ತಾಯಿ, ಸರದಿ ಬಂದಾಗ, "ಕೂಸಿಗಿ ಮೈ ಬೆಚ್ಚಗೈತ್ರಿ, ಮುಂದಿನ ಸಲ ಬರ್ತೀನಿ," ಎಂದು ಎದ್ದಳು. ನಾನು ಕೂಸಿನ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅವಳು ನನ್ನ ಕಣ್ಣು ತಪ್ಪಿಸಿ ಹೊರಟುಹೋದಳು. ನಾನು ಉಳಿದವರಿಗೆ ಹಾಕಿ ಮುಗಿಸಿದೆ.

ಅದಾಗಿ ಕೆಲವು ದಿನಗಳ ಮೇಲೆ ಅಕ್ಕ ಒಂದು ವಸ್ತಿಯ ಮನೆಯೊಂದರ ಸುದ್ದಿ ತಂದಳು.

"ಆ ಮನ್ಯಾಗಿನ ಬಾಣಂತಿ ಯಾಕೋ ಕೂಸಿನ ಮಾರಿ ನೋಡವಲ್ಲಳ್ರಿ. ಒಮ್ಮಿ ಹೋಗಿ ಬರೂಣು."

ವಸ್ತಿ ಊರಿಂದ ದೂರ, ದಾಳಿಂಬೆಯ ತೋಟಗಳನ್ನು ದಾಟಿ ಹೋಗಬೇಕು. ಬಾಣಂತಿ ತಿಕೋಂಡಿ ಊರಿನ ಹುಡುಗಿ, ಚೊಚ್ಚಲ ಹೆರಿಗೆ. ಅವಳ ಗಂಡ ಹಣ್ಣಿನ ಲಾರಿ ಓಡಿಸುವವನು, ಮನೆಯಲ್ಲಿರುವುದು ಕಡಿಮೆ. ನಾವು ಹೋದಾಗ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೂಸು ದುಂಡಗೆ ಚೆನ್ನಾಗಿತ್ತು. ಹುಡುಗಿ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ನಾನು ಹುಡುಗಿಯನ್ನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಟ್ಟಳು. ಹಾಲು ಸಾಕಷ್ಟಿದೆ, ಜ್ವರ ಇಲ್ಲ, ಊಟ ಮಾತ್ರ ಮಾಡುವುದಿಲ್ಲ. "ಎಲ್ಲಾ ಕುಂತಲ್ಲೇ ಸಿಗತೈತಿ, ಅದಕ್ಕ ಸೊಕ್ಕು," ಎಂದಳು.

ನಾನು ಹುಡುಗಿಯ ಹತ್ತಿರ ಕುಳಿತು, "ಏನ್ ತ್ರಾಸ ಆಗತೈತಿ ಯವ್ವಾ?" ಎಂದೆ.

ಅವಳು ತಿರುಗದೆ ಹೇಳಿದಳು, "ನಡ ನೋವರಿ. ನಿಮಗ ಬಂದಿತ್ತಂತಲ್ಲ, ಅಂಥಾದ್ದ ಇರಬೇಕು."

ಕಬ್ಬಿಣದ ಗುಳಿಗೆ ಕೊಟ್ಟೆ, ಚೆನ್ನಾಗಿ ಉಣ್ಣು ಎಂದೆ, ಎದ್ದು ಬಂದೆ. ತೋಟದ ಬೇಲಿಯ ಹತ್ತಿರ ಬಂದಾಗ ನಿಂತುಬಿಟ್ಟೆ.

"ಅಕ್ಕಾ, ನನಗ ನಡ ನೋವು ಇರಲಿಲ್ಲ," ಎಂದೆ.

"ಗೊತ್ತೈತ್ರಿ," ಎಂದಳು ಅಕ್ಕ. "ಅವತ್ತ ನಿಮ್ಮ ಕೈ ಹಿಡಿದಾಕಿ ನಾನಲ್ರಿ? ಊರಾಗ ಅರ್ಧಾ ಮಂದಿಗಿ ಗೊತ್ತೈತಿ. ನೀವು ಹೇಳಿದಂಗ ಅವರೂ ಅಂತಾರ, ಅಷ್ಟ."

"ಆ ಹುಡುಗಿಗಿ ಗೊತ್ತಿಲ್ಲ."

"ಇಲ್ರಿ. ಆಕಿ ಹೊಸಾಕಿ."

ನಾವು ಹೊಳ್ಳಿ ಹೋದೆವು. ಅತ್ತೆ ಏನೋ ಮರೆತಿರಬೇಕೆಂದುಕೊಂಡು ಸುತ್ತ ನೋಡಿದಳು. ನಾನು ಒಳಗೆ ಹೋಗಿ ಹುಡುಗಿಯ ಹಾಸಿಗೆಯ ಅಂಚಿಗೆ ಕುಳಿತೆ. ಮಾತು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಇದ್ದದ್ದನ್ನೇ ಹೇಳಿದೆ.

"ಯವ್ವಾ, ನನಗ ನಡ ನೋವು ಬಂದಿರಲಿಲ್ಲ. ಮನಸಿಗಿ ಜಡ್ಡು ಬಂದಿತ್ತು. ಉಣ್ಣಾಕ, ಏಳಾಕ ಆಗ್ತಿರಲಿಲ್ಲ. ಮಗಳು ಬಂದು ಮಾತಾಡಿಸಿದ್ರ ಉತ್ತರಾ ಕೊಡಾಕ ಬ್ಯಾಸರಾಗ್ತಿತ್ತು. ಡಾಕ್ಟರ ಹಂತ್ಯಾಕ ಹೋದೆ. ಗುಳಿಗಿ ಇನ್ನೂ ತಗೋತೀನಿ."

ಹೊರಗೆ ಎಣ್ಣೆ ತಿಕ್ಕುವ ಸದ್ದು ನಿಂತಿತು. ಹುಡುಗಿ ಮೆಲ್ಲಗೆ ಈ ಕಡೆ ಹೊರಳಿದಳು. ಆಗಲೇ ನಾನು ಅವಳ ಮುಖ ಸರಿಯಾಗಿ ನೋಡಿದ್ದು.

"ಕೂಸು ಅತ್ರ ದೂರ ಎಲ್ಲೋ ಅತ್ತಂಗ ಕೇಳತೈತ್ರಿ ನನಗ," ಎಂದಳು. "ನನ್ನ ಕೂಸು ಅನಸವಲ್ದು."

ಅತ್ತೆ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. "ಸಾಕ್ ಮಾಡ್ರಿ ಬಾಯಾರ. ನಿಮ್ಮ ತಲಿ ಕೆಟ್ಟಿತ್ತು ಅಂದ್ರ ನಮ್ಮ ಸೊಸಿದೂ ಕೆಟ್ಟೈತೇನು? ಇಲ್ಲದ್ದು ತಲ್ಯಾಗ ತುಂಬಬ್ಯಾಡ್ರಿ."

ಆ ಮಾತು ನನಗೆ ತಾಗಿತು. ಆದರೆ ಎದ್ದು ಹೋಗುವ ಹೊತ್ತು ಅದಲ್ಲ. ಮಿರಜಿನ ಡಾಕ್ಟರು ನನಗೆ ಕೇಳಿದ ಪ್ರಶ್ನೆಯನ್ನು ಹುಡುಗಿಗೆ ಕನ್ನಡದಲ್ಲಿ ಕೇಳಿದೆ. ಸಾಯುವ ವಿಚಾರ ಬರುತ್ತದೆಯೇ ಎಂದು.

ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಬಾವಿ ಕಡಿ ಹೋಗಾಕ ಅಂಜಿಕಿ ಬರತೈತ್ರಿ. ಅದಕ್ಕ ಎದ್ದು ಹೊರಗ ಹೋಗೂದಿಲ್ಲ," ಎಂದಳು.

ಅತ್ತೆ ನಿಂತಲ್ಲಿಯೇ ಕೆಳಗೆ ಕುಳಿತಳು. ಅವಳು ಕೆಟ್ಟವಳಲ್ಲ. ಮನೆ, ಹೊಲ, ಬಾಣಂತನ ಎಲ್ಲವನ್ನೂ ಒಬ್ಬಳೇ ಹೊತ್ತು ದಣಿದಿದ್ದಳು. ಸೊಸೆ ಮಲಗಿರುವುದು ಸೊಕ್ಕಿನಿಂದಲ್ಲ, ಬಾವಿಯಿಂದ ತನ್ನನ್ನು ತಾನೇ ಕಾಯ್ದುಕೊಳ್ಳಲಿಕ್ಕೆ ಎಂದು ಅವಳಿಗೆ ಆ ಕ್ಷಣಕ್ಕೆ ತಿಳಿಯಿತು. ಅಕ್ಕ ಹೋಗಿ ಕೂಸನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅವನಿಗಿ ಫೋನ್ ಹಚ್ರಿ," ಎಂದಳು ಅತ್ತೆ. ಮಗನಿಗೆ ಎಂದರ್ಥ.

ನಾನು ಡಾಕ್ಟರ್ ಮೇಡಮ್ಮರಿಗೂ ಫೋನು ಮಾಡಿದೆ. ತಡ ಮಾಡಬೇಡ ಎಂದರು. ಮಿರಜಿಗಿಂತ ವಿಜಾಪುರ ಒಳ್ಳೆಯದೆಂದು ನಾನೇ ಹೇಳಿದೆ. ಅಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಬಹುದು. ಇಂಥ ಮಾತನ್ನು ಇನ್ನೊಬ್ಬರ ಬಾಯಿಂದ ಬೇರೆ ಭಾಷೆಗೆ ತಿರುಗಿಸಿ ಹೇಳಿಸುವುದು ಏನೆಂದು ನನಗೆ ಗೊತ್ತಿತ್ತು. ಮರುದಿನವೇ ಹೋಗುವುದೆಂದಾಯಿತು. ಅಲ್ಲಿಯ ತನಕ ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬೇಡಿ ಎಂದು ಹೇಳಿದೆ. ಆ ರಾತ್ರಿ ಅಕ್ಕ ತಾನಾಗಿಯೇ ಆ ಮನೆಯಲ್ಲಿ ಉಳಿದಳು.

ಹೊರಡುವಾಗ ಅತ್ತೆ ನನ್ನ ಹಿಂದೆಯೇ ಅಂಗಳಕ್ಕೆ ಬಂದಳು. "ಊರಾಗ ನಡ ನೋವು ಅಂತ ಹೇಳ್ತೇವ್ರಿ," ಎಂದಳು.

"ಹೇಳ್ರಿ," ಎಂದೆ. "ಡಾಕ್ಟರಿಗಿ ಮಾತ್ರ ಖರೇ ಹೇಳ್ರಿ."

ಆ ಮನೆಯ ಮಾತು ಹೊರಗೆ ಬೀಳಲಿಲ್ಲ. ನನ್ನದು ಬಿತ್ತು, ಒಳಗೊಳಗೆ ಗೊತ್ತಿದ್ದವರೂ ಈಗ ಬಾಯಿ ಬಿಟ್ಟು ಆಡತೊಡಗಿದರು. ಯಾರ ಮೂಲಕ ಎಂದು ನಾನು ಹುಡುಕಲಿಲ್ಲ. ಮುಂದಿನ ಲಸಿಕೆಯ ದಿನ ಅಂಗನವಾಡಿಯ ಗೋಡೆಗುಂಟ ಜಾಗ ಉಳಿದಿತ್ತು. ಮೂರು ನಾಲ್ಕು ತಾಯಂದಿರು ಕೂಸುಗಳನ್ನು ಆರೋಗ್ಯ ಕೇಂದ್ರಕ್ಕೇ ಕರೆದುಕೊಂಡು ಹೋದರೆಂದು ಆಮೇಲೆ ತಿಳಿಯಿತು. ಎಣ್ಣೆಯ ಹೆಸರು ಹೇಳಿದ್ದ ಅಂಗಡಿಯಾತ ಈಗ ಚಿಲ್ಲರೆ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಇನ್ನೊಂದು ಕಡೆ, ಮೊದಲು ನನ್ನೊಡನೆ ಹೆಚ್ಚು ಮಾತಾಡದಿದ್ದ ಒಬ್ಬ ನಡುವಯಸ್ಸಿನ ಹೆಂಗಸು ಉಪಕೇಂದ್ರಕ್ಕೆ ಬಂದು, ಎಲ್ಲರೂ ಹೋಗುವ ತನಕ ಕಾದು, ಮನೆಯಲ್ಲಿ ಮಂಕಾಗಿ ಕುಳಿತುಬಿಟ್ಟಿರುವ ತನ್ನ ತಮ್ಮನ ವಿಷಯ ಹೇಳಿಕೊಂಡಳು. ಅವಳ ಮಾತು ಮುಗಿಯುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು.

ಗಂಡನಿಗೂ ಅಂಗಡಿಯಲ್ಲಿ ಸುದ್ದಿ ಮುಟ್ಟಿತು. ಊಟಕ್ಕೆ ಕುಳಿತಾಗ, "ಯಾಕ ಹೇಳಿದಿ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ದಣಿವಿತ್ತು. ನಾನು ಹೆಸರು ಹೇಳದೆ ಬಾವಿಯ ಮಾತನ್ನು ಹೇಳಿದೆ. ಅವರ ಕೈಯಲ್ಲಿನ ರೊಟ್ಟಿಯ ತುಣುಕು ಹಾಗೆಯೇ ಉಳಿಯಿತು. ಅದನ್ನು ತಾಟಿನಲ್ಲಿಟ್ಟು ಅವರು ಹೇಳಿದರು:

"ಇನ್ನ ಮ್ಯಾಲ ನಾ ನಡ ನೋವು ಅನ್ನೂದಿಲ್ಲ. ಆದ್ರ ಮತ್ತೇನು ಹೇಳಬೇಕು, ಅದ ಗೊತ್ತಾಗವಲ್ದು."

"ಗೊತ್ತಾಗೂ ತನಕ ಏನೂ ಹೇಳಬ್ಯಾಡ್ರಿ," ಎಂದೆ.

ಮಗಳು ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ, ಅಪ್ಪನ ತಾಟಿಗೆ ಪಲ್ಯ ಬಡಿಸಿದಳು. ಅವಳಿಗೆ ಎಲ್ಲ ಗೊತ್ತಿತ್ತೆಂದು ನನಗೆ ಅನ್ನಿಸಿದ್ದು ಆವಾಗಲೇ.

ತಿಕೋಂಡಿಯ ಹುಡುಗಿ ವಿಜಾಪುರದ ಔಷಧಿ ಶುರು ಮಾಡಿ ಕೆಲವು ತಿಂಗಳು ತವರಿನಲ್ಲಿದ್ದಳು. ಅತ್ತೆ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದಳೆಂದು ಅಕ್ಕ ಹೇಳುತ್ತಿದ್ದಳು. ಸುಲಭವೇನೂ ಆಗಲಿಲ್ಲ. ನಡುವೆ ಔಷಧಿ ಬಿಟ್ಟು ಮತ್ತೆ ಮಲಗಿದಳು, ಮತ್ತೆ ಕರೆದುಕೊಂಡು ಹೋದರು. ಕೂಸಿಗೆ ದಡಾರದ ಲಸಿಕೆಯ ಹೊತ್ತಿಗೆ ವಸ್ತಿಗೆ ಮರಳಿ ಬಂದಿದ್ದಳು. ಅಂಗನವಾಡಿಗೆ ಅವಳೇ ಎತ್ತಿಕೊಂಡು ಬಂದಳು. ನಾನು ಸೂಜಿ ಚುಚ್ಚಿದಾಗ ಕೂಸು ಕಿರುಚಿತು. ಅವಳು ತಟ್ಟನೆ ಎದೆಗೆ ಒತ್ತಿಕೊಂಡು, "ಆತು, ಆತು, ಮುಗೀತು," ಎಂದು ಬೆನ್ನು ಸವರಿದಳು. ನನಗೆ ಒಂದು ಮಾತೂ ಹೇಳಲಿಲ್ಲ. ಮಂದಿಯ ನಡುವೆ ನನ್ನ ಪರಿಚಯ ತೋರಿಸಿಕೊಳ್ಳಲು ಅವಳಿಗೆ ಮುಜುಗರವಿದ್ದಿರಬೇಕು. ನಾನೂ ಮಾತಾಡಿಸಲಿಲ್ಲ.

ಬಿಟ್ಟುಹೋದ ತಾಯಂದಿರಲ್ಲಿ ಕೆಲವರು ಮರಳಿ ಬಂದಿದ್ದಾರೆ. ಆರೋಗ್ಯ ಕೇಂದ್ರದ ಹಾದಿ ದೂರ, ಬಿಸಿಲು. ನನ್ನ ಮೇಲಿನ ನಂಬಿಕೆ ಎಷ್ಟು, ಹಾದಿಯ ದಣಿವು ಎಷ್ಟು ಎಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ. ಒಬ್ಬಿಬ್ಬರು ಇನ್ನೂ ಬಂದಿಲ್ಲ. ಹಾದಿಯಲ್ಲಿ ಸಿಕ್ಕರೆ ಅವರ ಕೂಸುಗಳನ್ನು ನೋಡಿ, ಲಸಿಕೆಯಾಯಿತೇ ಎಂದಷ್ಟೇ ಕೇಳುತ್ತೇನೆ.

ನನ್ನ ಗುಳಿಗೆಗಳನ್ನು ಡಾಕ್ಟರು ಕಡಿಮೆ ಮಾಡಿದ್ದಾರೆ, ನಿಲ್ಲಿಸಿಲ್ಲ. ಕೆಲವು ಬೆಳಗುಗಳು ಈಗಲೂ ಭಾರವಾಗಿಯೇ ಬರುತ್ತವೆ. ಅಂಥ ದಿನ ಉಪಕೇಂದ್ರದ ಬೀಗ ತೆಗೆಯುವ ಮೊದಲೇ ಅಕ್ಕನಿಗೆ, "ಇವತ್ತ ಮನಸ್ ಚಲೋ ಇಲ್ಲ," ಎಂದು ಹೇಳಿಬಿಡುತ್ತೇನೆ. ಆ ದಿನ ಮಂದಿಯ ಜೊತೆಗಿನ ಮಾತುಕತೆಯನ್ನೆಲ್ಲ ಅವಳು ನೋಡಿಕೊಳ್ಳುತ್ತಾಳೆ. ರಕ್ತದೊತ್ತಡ ನೋಡುವುದು, ಹೊಟ್ಟೆ ಪರೀಕ್ಷೆ ಮಾಡುವುದು, ಸೂಜಿ ಹಾಕುವುದು ನನಗೆ ಬಿಟ್ಟದ್ದು. ಮಧ್ಯಾಹ್ನ ಇಬ್ಬರೂ ಬಾಗಿಲು ಓರೆ ಮಾಡಿಕೊಂಡು ಬುತ್ತಿ ಬಿಚ್ಚುತ್ತೇವೆ. ಅವಳು ತನ್ನ ಸೊಸೆಯ ಮೇಲಿನ ದೂರುಗಳನ್ನು ಹೇಳುತ್ತಾಳೆ, ನಾನು ಕೇಳುತ್ತ ಉಣ್ಣುತ್ತೇನೆ. ಊಟವಾದ ಮೇಲೆ ಹೊರಗೆ ಕಾಯುತ್ತ ಕುಳಿತ ಬಸುರಿಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತೇವೆ.